ಬಾಗಿಲು ದಾಟದ ಕೆಲಸ

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಮಾಡಿದ ಹಿರಿಯರು ದುಬೈ ನಗರವನ್ನು ನೋಡಿರಲಾರರು. ಆ ನಗರದಲ್ಲಿ ಬೆಟ್ಟವೇ ಇಲ್ಲ; ನುಣುಪಿಗೆ ಮಾತ್ರ ಏನೂ ಕೊರತೆಯಿಲ್ಲ. 2010ರಲ್ಲಿ 828 ಮೀಟರ್ ಎತ್ತರದ ಬುರ್ಜ್ ಖಲೀಫಾ ತೆರೆದ ಮೇಲೆ ಬೆಟ್ಟದ ಕೊರತೆಯೂ ನೀಗಿತೆನ್ನಬೇಕು. ನಮ್ಮ ನಂದಿಬೆಟ್ಟ ಕೂಡ ಸುತ್ತಲಿನ ಬಯಲಿನಿಂದ ಅಷ್ಟು ಎತ್ತರಕ್ಕೆ ಏಳುವುದಿಲ್ಲ.

ನಾನು ಆ ನಗರವನ್ನು ಕಂಡವಳಲ್ಲ. ನಾನು ಕಂಡ ಮರಳೆಂದರೆ ಮನೆ ಕಟ್ಟಿಸುವವರು ನಮ್ಮ ಬೀದಿಯಲ್ಲಿ ಸುರಿಸಿದ ಎಂ-ಸ್ಯಾಂಡ್ ಗುಡ್ಡೆ ಮಾತ್ರ. ಆದರೂ ದುಬೈ ವಿಚಾರವಾಗಿ ನಾಲ್ಕು ಮಾತು ಬರೆಯಲು ನನಗೆ ಸ್ವಲ್ಪ ಹಕ್ಕುಂಟು. ನನ್ನ ದೊಡ್ಡಮ್ಮನ ಒಬ್ಬನೇ ಮಗ ಅಲ್ಲಿದ್ದಾನೆ. ಅವನು ಹೋದ ದಿನದಿಂದ ದೊಡ್ಡಮ್ಮನಿಗೆ ಜೊತೆಯಾಗಿ, ದೊಡ್ಡಬಳ್ಳಾಪುರದ ಅವಳ ಮನೆಯಲ್ಲಿದ್ದುಕೊಂಡೇ ನಾನು ಕಾಲೇಜಿಗೆ ಬರುತ್ತಿದ್ದೇನೆ. ಅಣ್ಣ ಅಲ್ಲಿಂದ ಕಳಿಸುವ ಹಣದಲ್ಲಿ ಮನೆಯ ಮೇಲಿನ ಸಾಲ ತೀರಿದೆ. ನನ್ನ ಕಾಲೇಜಿನ ಶುಲ್ಕವೂ ಅದರಿಂದಲೇ ಸಲ್ಲುತ್ತಿದೆ. ಉಂಡ ಮನೆಯ ಜಂತೆ ಎಣಿಸಬಾರದೆಂದು ಬಲ್ಲೆ. ಆದರೆ ಜಂತೆಯ ಕೆಳಗೆ ಮಲಗುವವರು ಒಮ್ಮೊಮ್ಮೆ ಅದನ್ನು ನೋಡದೆ ಇರುವುದೂ ಕಷ್ಟ.

ದುಬೈಗೆ ಹೋದವರ ಕಥೆ ಕರ್ನಾಟಕಕ್ಕೆ ಹೊಸದಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಅನೇಕ ದಶಕಗಳಿಂದ ಅಲ್ಲಿ ದುಡಿದಿದ್ದಾರೆ. ಅವರಿಗೆ ಕೆಲಸ ಅಲ್ಲಿತ್ತು, ಆದ್ದರಿಂದ ಅಲ್ಲಿಗೆ ಹೋದರು. ನಮ್ಮ ಅಣ್ಣನ ವಿಷಯ ಬೇರೆ. ಅವನಿಗೆ ಸಂಬಳ ಕೊಡುವ ಕಂಪನಿ ಇರುವುದು ಅಮೆರಿಕದಲ್ಲಿ. ದುಬೈಯಲ್ಲಿ ಅವನಿಗೆ ಆಫೀಸಿಲ್ಲ, ಯಜಮಾನನಿಲ್ಲ, ಜೊತೆ ಕೆಲಸಗಾರರಿಲ್ಲ. ಒಂದು ಕೋಣೆ, ಒಂದು ಲ್ಯಾಪ್‌ಟಾಪ್, ಒಂದು ಕುರ್ಚಿ. ಇಷ್ಟೇ ಅವನ ಕಾರ್ಖಾನೆ. ಈ ಮೂರೂ ದೊಡ್ಡಮ್ಮನ ಮನೆಯ ಮಾಳಿಗೆಯಲ್ಲೇ ಇದ್ದವು. ಹಾಗಿದ್ದ ಮೇಲೆ ಹೋದದ್ದು ಏಕೆ? ಈ ಪ್ರಶ್ನೆ ಎರಡು ವರ್ಷದಿಂದ ನನ್ನನ್ನು ಬಿಟ್ಟಿಲ್ಲ.

ಮನೆಯಲ್ಲೇ ಕುಳಿತು ದೂರದವರಿಗೆ ದುಡಿಯುವುದು ಕಂಪ್ಯೂಟರಿನೊಂದಿಗೆ ಹುಟ್ಟಿದ ಪದ್ಧತಿಯೆಂದು ಪಟ್ಟಣದವರು ತಿಳಿದಿರಬಹುದು. ದೊಡ್ಡಬಳ್ಳಾಪುರದವರಿಗೆ ಅದು ತಾತನ ಕಾಲದ್ದು. ನಮ್ಮ ಅಪ್ಪನ ಮಗ್ಗ ಇರುವುದು ನಡುಮನೆಯಲ್ಲಿ. ಸಾಹುಕಾರರು ನೂಲು ಕೊಡುತ್ತಾರೆ, ಅಪ್ಪ ನೇಯುತ್ತಾರೆ, ಸೀರೆಗೆ ಇಷ್ಟು ಎಂದು ಕೂಲಿ ಬರುತ್ತದೆ. ಆ ಸೀರೆಯನ್ನು ಯಾವ ಊರಿನ ಯಾವ ಹೆಂಗಸು ಉಟ್ಟಳೆಂಬುದು ಅಪ್ಪನಿಗೆ ತಿಳಿಯದು. ನೂಲಿನ ಬೆಲೆ ಏರಿದರೆ ಏಕೆ ಏರಿತೆಂದು ಕೇಳಲು ಎದುರಿಗೆ ಯಾರೂ ಇಲ್ಲ. ಮನೆಯಲ್ಲಿ ಮಾಡಿದ ಮಾತ್ರಕ್ಕೆ ಕೆಲಸ ನಮ್ಮದಾಗುವುದಿಲ್ಲ ಎಂಬ ಪಾಠವನ್ನು ನಾವು ಅರ್ಥಶಾಸ್ತ್ರದ ಪುಸ್ತಕಕ್ಕಿಂತ ಮೊದಲೇ ಕಲಿತಿದ್ದೆವು. ಆದರೂ ಅಪ್ಪ ಮಗ್ಗ ನಿಲ್ಲಿಸಿ ಎದ್ದರೆ ಎದುರಿಗೆ ಅಮ್ಮ ಇರುತ್ತಾಳೆ, ಹೊರಗೆ ಜಗುಲಿ ಇರುತ್ತದೆ, ಜಗುಲಿಯ ಮೇಲೆ ಯಾರಾದರೂ ಇದ್ದೇ ಇರುತ್ತಾರೆ.

ಅಣ್ಣ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. 2020ರ ಮಾರ್ಚ್ ತಿಂಗಳಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದ. ಆಮೇಲೆ ಅಮೆರಿಕದ ಕಂಪನಿಯ ಕೆಲಸ ಸಿಕ್ಕಿತು. ಮೂರು ವರ್ಷ ಮಾಳಿಗೆಯ ಕೋಣೆಯಿಂದಲೇ ದುಡಿದ. ಆ ಕಾಲದ ವಿನೋದಗಳು ಒಂದೆರಡಲ್ಲ. ಅಕ್ಕಪಕ್ಕದ ಹತ್ತು ಮನೆಗಳಲ್ಲಿ ಮಗ್ಗಗಳು ಲಟಲಟ ಎನ್ನುತ್ತಿರುವಾಗ ಅವನ ಮೀಟಿಂಗು ನಡೆಯಬೇಕು. "ನಿಮ್ಮಲ್ಲಿ ಅಷ್ಟು ಜೋರು ಮಳೆಯೇ?" ಎಂದು ಆ ಕಡೆಯವರು ಕೇಳಿದರಂತೆ. ಅಣ್ಣ ಹೌದೆಂದ. ಅಲ್ಲಿಂದ ಮುಂದೆ ಆ ಕಂಪನಿಯ ಲೆಕ್ಕದಲ್ಲಿ ದೊಡ್ಡಬಳ್ಳಾಪುರ ಚಿರಾಪುಂಜಿಯಾಯಿತು. ನಾವಾದರೋ ನಗರಸಭೆಯ ನಲ್ಲಿಯಲ್ಲಿ ನೀರು ಬರುವ ದಿನವನ್ನು ಎಣಿಸುತ್ತ ಕೂತಿದ್ದೆವು!

ಕರೆಂಟು ಹೋದರೆ ಮಗ್ಗ ನಿಲ್ಲುತ್ತಿತ್ತು, ಇಂಟರ್ನೆಟ್ಟೂ ನಿಲ್ಲುತ್ತಿತ್ತು. ಮೊದಲನೆಯದರಿಂದ ಮೀಟಿಂಗಿಗೆ ಅನುಕೂಲ, ಎರಡನೆಯದರಿಂದ ಮೀಟಿಂಗೇ ಇಲ್ಲ. ಇದಲ್ಲದೆ ಬೀದಿಯವರ ಬಾಯಿ ಬೇರೆ. ಹಗಲು ಮಲಗಿ ರಾತ್ರಿ ಎಚ್ಚರವಿರುವ ಹುಡುಗ ಏನು ಕೆಲಸ ಮಾಡುತ್ತಾನೆಂದು ದೊಡ್ಡಮ್ಮ ಯಾರಿಗೂ ಬಿಡಿಸಿ ಹೇಳಲಾರಳು. ಹೆಣ್ಣು ಕೇಳಲು ಹೋದ ಎರಡು ಕಡೆ "ಹುಡುಗ ಮನೆಯಲ್ಲೇ ಇರ್ತಾನಂತೆ" ಎಂದು ಮಾತು ಮುರಿಯಿತು. ಅದೇ ಹುಡುಗ, ಅದೇ ಕೆಲಸ, ಅದೇ ಸಂಬಳ. 2023ರಲ್ಲಿ ದುಬೈಗೆ ಹೋದನೆಂಬ ಸುದ್ದಿ ಹರಡಿದ ತಿಂಗಳೊಳಗೆ ನಾಲ್ಕು ಜಾತಕಗಳು ಮನೆ ಬಾಗಿಲಿಗೆ ಬಂದವು.

ಆ ನಗರದವರ ಜಾಣ್ಮೆಯನ್ನೂ ಇಲ್ಲಿ ಹೇಳಬೇಕು. ಲೋಕವೆಲ್ಲ ಮನೆಯಲ್ಲಿ ಕುಳಿತಿದ್ದ 2020ರ ಅಕ್ಟೋಬರ್ ತಿಂಗಳಲ್ಲೇ ಅವರು ಒಂದು ಹೊಸ ಪರವಾನಗಿಯನ್ನು ಹೊರಡಿಸಿದರು. ಹೊರದೇಶದ ಕಂಪನಿಗೆ ದುಡಿಯುವವನು ತನ್ನ ಕೆಲಸವನ್ನು ಹೊತ್ತು ಅಲ್ಲಿಗೆ ಬಂದು ಒಂದು ವರ್ಷ ವಾಸಿಸಬಹುದು. ವರ್ಷ ತುಂಬಿದರೆ ಮತ್ತೆ ಅರ್ಜಿ ಹಾಕಬಹುದು. ತಿಂಗಳ ವರಮಾನ 5000 ಡಾಲರ್ ಇರಬೇಕೆಂದು ಮೊದಲು ಗೊತ್ತುಮಾಡಿದ್ದರು. ಆಮೇಲೆ 3500ಕ್ಕೆ ಇಳಿಸಿದರು. ನಮ್ಮ ಲೆಕ್ಕದಲ್ಲಿ ಅದು ಮೂರು ಲಕ್ಷ ರೂಪಾಯಿಯ ಆಸುಪಾಸು. ಸಂಬಳದ ಮೇಲೆ ಆದಾಯ ತೆರಿಗೆಯಿಲ್ಲ, ಕರೆಂಟು ಹೋಗುವುದಿಲ್ಲ, ಬೆಂಗಳೂರಿನಿಂದ ವಿಮಾನದಲ್ಲಿ ನಾಲ್ಕು ಗಂಟೆಯ ದಾರಿ. ದೇವನಹಳ್ಳಿಯ ವಿಮಾನ ನಿಲ್ದಾಣವಂತೂ ನಮಗೆ ನೆರೆಮನೆಯಿದ್ದಂತೆ. ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಅಮೆರಿಕಕ್ಕೆ ದುಡಿಯುವವನಿಗೆ ಅಷ್ಟು ಹೊತ್ತಿನ ರಾತ್ರಿ ನಿದ್ದೆ ಲಾಭ. ಬೇರೆಯವರು ಕೊಟ್ಟ ಸಂಬಳ ಆ ನಗರದ ಬಾಡಿಗೆಗೆ, ಅಂಗಡಿಗೆ, ಹೋಟೆಲಿಗೆ ಹರಿಯುತ್ತದೆ. ಮನೆ ಕಟ್ಟದೆಯೇ ಅಳಿಯನನ್ನು ಪಡೆದಂತಾಯಿತು.

ಇದನ್ನು ಕೇಳಿ ನಮ್ಮ ಇತಿಹಾಸದ ಅಧ್ಯಾಪಕರು ಒಂದು ಸಂಗತಿ ಹೇಳಿದರು. 1966ರವರೆಗೂ ಆ ನಗರದ ಅಂಗಡಿಗಳಲ್ಲಿ ಓಡಾಡುತ್ತಿದ್ದುದು ಭಾರತದ ರೂಪಾಯಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಆ ಸೀಮೆಗೆಂದೇ ಪ್ರತ್ಯೇಕ ನೋಟುಗಳನ್ನು ಅಚ್ಚು ಹಾಕಿಸಿತ್ತು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಅವರು ಅದನ್ನು ಕೈಬಿಟ್ಟರು. ಅದೇ ವರ್ಷ ದುಬೈಯಲ್ಲಿ ಎಣ್ಣೆ ಸಿಕ್ಕಿತು. ಹಿಂದೆ ಅಲ್ಲಿಯ ಮುತ್ತುಗಳು ಬೊಂಬಾಯಿಗೆ ಮಾರಾಟಕ್ಕೆ ಬರುತ್ತಿದ್ದವು. ಈಗ ನಮ್ಮ ಹುಡುಗರು ಆ ಕಡೆಗೆ ಹೋಗುತ್ತಾರೆ. ಆ ದೇಶದಲ್ಲಿ ಇಂದು 35 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಅದೃಷ್ಟಚಕ್ರ ಉರುಳುವುದೆಂದರೆ ಇದೇ ಇರಬೇಕು.

ಅದಿರಲಿ. 2024ರ ಏಪ್ರಿಲ್ 16ರಂದು ಆ ಮರುಭೂಮಿಯಲ್ಲಿ ಮಳೆ ಸುರಿಯಿತು. ಒಂದು ವರ್ಷಕ್ಕೆ ಬೀಳುವುದಕ್ಕಿಂತ ಹೆಚ್ಚು ಮಳೆ ಒಂದೇ ದಿನದಲ್ಲಿ ಬಿದ್ದು ರಸ್ತೆಗಳು ಕೆರೆಯಾದವು, ವಿಮಾನ ನಿಲ್ದಾಣವೂ ನೀರಲ್ಲಿ ನಿಂತಿತು. ಅಣ್ಣ ಇದ್ದ ಕಟ್ಟಡದಲ್ಲಿ ಲಿಫ್ಟು ಕೆಟ್ಟಿತು. ಕುಡಿಯುವ ನೀರಿನ ಕ್ಯಾನನ್ನು ಹೆಗಲ ಮೇಲಿಟ್ಟು ಇಪ್ಪತ್ತಮೂರು ಅಂತಸ್ತು ಹತ್ತಿದನಂತೆ. ನಾವು ಇಲ್ಲಿ ಟಿ.ವಿ. ಮುಂದೆ ಜೀವ ಕೈಯಲ್ಲಿ ಹಿಡಿದು ಕುಳಿತಿದ್ದೆವು. ಸಂಜೆ ಐದಕ್ಕೆ ಅವನು ಎಂದಿನಂತೆ ಕೆಲಸಕ್ಕೆ ಕುಳಿತ. "ನಿಮ್ಮವರು ಏನಂದರು?" ಎಂದು ಕೇಳಿದೆ. "ಅವರಿಗೇನು ಗೊತ್ತು? ನಾನು ಹೇಳಲಿಲ್ಲ, ಅವರು ಕೇಳಲಿಲ್ಲ" ಎಂದ. ದೊಡ್ಡಬಳ್ಳಾಪುರದಲ್ಲಿ ಇಲ್ಲದ ಮಳೆಯನ್ನು ಕೇಳಿಸಿಕೊಂಡವರಿಗೆ ಅಲ್ಲಿ ಸುರಿದ ಮಳೆ ಕೇಳಿಸಲಿಲ್ಲ. ಆ ಮನೆಯ ಗಾಜಿನ ಕಿಟಕಿ ಅಷ್ಟು ಭದ್ರ.

ಆ ವರ್ಷದ ನವೆಂಬರಿನಲ್ಲಿ ಅಣ್ಣ ದೊಡ್ಡಮ್ಮನನ್ನು ಎರಡು ತಿಂಗಳ ಮಟ್ಟಿಗೆ ಕರೆಸಿಕೊಂಡ. ಅವಳು ಹಿಂದಿರುಗಿ ಬಂದು ಹೇಳಿದ್ದನ್ನೆಲ್ಲ ಬರೆದರೆ ಈ ಸಂಚಿಕೆ ಸಾಲದು. ಅವಳನ್ನು ಬೆರಗುಗೊಳಿಸಿದ್ದು ಎತ್ತರದ ಕಟ್ಟಡವಲ್ಲ, ನಲ್ಲಿ. ನದಿಯಿಲ್ಲದ, ಕೆರೆಯಿಲ್ಲದ ಊರಿನಲ್ಲಿ ಹಗಲೂ ರಾತ್ರಿ ನೀರು! ಸಮುದ್ರದ ನೀರಿನ ಉಪ್ಪು ತೆಗೆದು ಕೊಡುತ್ತಾರೆಂದು ಅಣ್ಣ ವಿವರಿಸಿದನಂತೆ. ನಂದಿಯಲ್ಲಿ ಹುಟ್ಟಿ ನಮ್ಮೂರಿನ ಮೂಲಕ ಹರಿದ ಅರ್ಕಾವತಿಯನ್ನು ನಾವು ಉಳಿಸಿಕೊಳ್ಳಲಾರದೆ ಹೋದೆವು. ಅವರು ಉಪ್ಪುನೀರನ್ನು ಕುಡಿಯುವ ನೀರು ಮಾಡಿಕೊಂಡರು. ಈ ಮಾತನ್ನು ಅವಳು ಬಂದವರಿಗೆಲ್ಲ ಹೇಳಿದಳು.

ಮಿಕ್ಕ ವಿಷಯಗಳಲ್ಲಿ ಅವಳ ಅಭಿಪ್ರಾಯ ಬೇರೆಯಾಗಿತ್ತು. ಎದುರು ಮನೆಯ ಬಾಗಿಲು ಎರಡು ತಿಂಗಳಲ್ಲಿ ಮೂರು ಸಲ ತೆರೆಯಿತೆಂದು ಲೆಕ್ಕವಿಟ್ಟಿದ್ದಳು. ಮಗ ಮಧ್ಯಾಹ್ನ ಏಳುತ್ತಿದ್ದ, ಸಂಜೆಯಿಂದ ನಡುರಾತ್ರಿಯವರೆಗೆ ಪರದೆಯೊಂದಿಗೆ ಮಾತಾಡುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟಳಂತೆ: "ಅಲ್ಲ ಕಣೋ, ಬಾಗಿಲು ದಾಟದ ಕೆಲಸಕ್ಕೆ ಸಮುದ್ರ ದಾಟಬೇಕಾಗಿತ್ತಾ?" ಅಣ್ಣ ನಕ್ಕುಬಿಟ್ಟ. ಆದರೆ ಆ ರಾತ್ರಿ ನನಗೆ ಫೋನು ಮಾಡಿ, "ಅಮ್ಮ ಹೀಗಂದಳು" ಎಂದು ಎರಡು ಸಲ ಹೇಳಿದ.

ಅಲ್ಲಿ ಅವಳಿಗೆ ಸಿಕ್ಕ ಒಬ್ಬನೇ ಗೆಳೆಯನೆಂದರೆ ಕಟ್ಟಡದ ಕಾವಲುಗಾರ; ತೆಲಂಗಾಣದವನು. ನಮ್ಮ ಕಡೆಯವರಿಗೆ ತೆಲುಗು ಬರುವುದು ಹೊಸದೇನಲ್ಲವಷ್ಟೆ. ದಿನವೂ ಸಂಜೆ ಕೆಳಗಿಳಿದು ಅವನೊಂದಿಗೆ ಅರ್ಧ ಗಂಟೆ ಮಾತಾಡುತ್ತಿದ್ದಳು. ಅವನು ಊರಿಗೆ ಹೋಗಿ ಎರಡು ವರ್ಷವಾಗಿತ್ತು. ಒಂದೇ ಕೋಣೆಯಲ್ಲಿ ಎಂಟು ಜನರ ವಾಸ. ಕೂಡಿಟ್ಟ ಹಣವೆಲ್ಲ ಮಕ್ಕಳ ಶಾಲೆಗೆ. ಅವನ ತಮ್ಮ ಕಟ್ಟಡ ಕಟ್ಟುವ ಕೆಲಸದಲ್ಲಿದ್ದ. ಬೇಸಗೆಯಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ನಡುಹಗಲು ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ದುಡಿಸಬಾರದೆಂದು ಅಲ್ಲಿ ಕಾನೂನೇ ಇದೆ. ಬಿಸಿಲು ಎಂಥದೆಂದು ಇದರಿಂದಲೇ ಊಹಿಸಬಹುದು. ಬಾಗಿಲು ಕಾಯುವ ಕೆಲಸವನ್ನು ಕರೀಂನಗರದಿಂದ ಮಾಡಲಾಗದು. ಇಟ್ಟಿಗೆಯನ್ನು ಫೋನಿನಲ್ಲಿ ಜೋಡಿಸಲಾಗದು. ಅವರು ಹೋದದ್ದಕ್ಕೆ ಕಾರಣ ಕೇಳಬೇಕಾಗಿಲ್ಲ. ದೊಡ್ಡಮ್ಮ ಹೊರಡುವ ದಿನ ಅವನ ಕೈಗೆ ಚಟ್ನಿಪುಡಿಯ ಡಬ್ಬಿ ಕೊಟ್ಟು ಬಂದಳು. ಅದನ್ನು ಅವಳು ಮಗನಿಗೆಂದು ಒಯ್ದಿದ್ದಳು.

ಇಷ್ಟೆಲ್ಲ ಏಕೆ ಬರೆದೆನೆಂದರೆ, ಈಗ ಈ ಪ್ರಶ್ನೆ ನನ್ನ ಹೊಸ್ತಿಲಿಗೂ ಬಂದಿದೆ. ನಮ್ಮ ಮನೆಯಲ್ಲಿ ಪದವಿ ಪರೀಕ್ಷೆಗೆ ಕೂರುತ್ತಿರುವವಳು ನಾನೇ ಮೊದಲು. ಅಣ್ಣ ಹೇಳುತ್ತಾನೆ: "ಪರೀಕ್ಷೆ ಮುಗಿದ ಮೇಲೆ ಒಂದು ವರ್ಷ ಈ ಕೆಲಸ ಕಲಿ, ನಾನು ಹೇಳಿಕೊಡುತ್ತೇನೆ. ಕೈ ಕುದುರಿದ ಮೇಲೆ ನೀನೂ ಇಲ್ಲಿಗೆ ಬಾ." ಅಪ್ಪ ಏನೂ ಹೇಳುವುದಿಲ್ಲ, ಆದರೆ ಮೊನ್ನೆ ಪಾಸ್‌ಪೋರ್ಟಿಗೆ ಎಷ್ಟು ಖರ್ಚಾಗುತ್ತದೆಂದು ವಿಚಾರಿಸಿದರು. ಅವರ ಮಗ್ಗಕ್ಕೆ ಈಗ ತಿಂಗಳಲ್ಲಿ ಹದಿನೈದು ದಿನವೂ ಸರಿಯಾಗಿ ನೂಲು ಸಿಕ್ಕುತ್ತಿಲ್ಲ.

ಕೆಲಸ ಕಲಿಯಲು ನಾನು ಒಪ್ಪಿದ್ದೇನೆ. ಹೋಗುವ ಮಾತಿಗೆ ಮಾತ್ರ ಒಂದು ಷರತ್ತು ಹಾಕಿದ್ದೇನೆ. ಎಲ್ಲಿಂದ ಬೇಕಾದರೂ ಮಾಡಬಹುದಾದ ಕೆಲಸವೆಂದು ಅಣ್ಣನೇ ಹೇಳುವುದರಿಂದ, ಆ 'ಎಲ್ಲಿ'ಗಳಲ್ಲಿ ದೊಡ್ಡಬಳ್ಳಾಪುರವೂ ಒಂದಾಗಬಾರದೇಕೆ? ಮಾಳಿಗೆಯ ಕೋಣೆ ಖಾಲಿಯಿದೆ. ಕರೆಂಟಿಗೆ ಒಂದು ಇನ್ವರ್ಟರ್, ಮಗ್ಗದ ಸದ್ದಿಗೆ ಕಿಟಕಿಯ ಮೇಲೊಂದು ದಪ್ಪ ಪರದೆ. ಬೀದಿಯವರ ಬಾಯಿಗೆ ಪರದೆ ಸಿಕ್ಕದು, ಅದನ್ನು ಸಹಿಸುತ್ತೇನೆ. ಅಮೆರಿಕದವರು ಮಳೆಯೇ ಎಂದು ಕೇಳಿದರೆ, ಅಲ್ಲ, ನಮ್ಮ ಅಪ್ಪನ ಮಗ್ಗ ಎಂದೇ ಹೇಳುತ್ತೇನೆ.

ಇದು ಸಾಗದೆ ಹೋಗಲೂಬಹುದು. ಸಾಲ ತೀರಿಸಿದ ದುಬೈ ಹಣವನ್ನು ಕಣ್ಣಾರೆ ಕಂಡವಳು ನಾನು. ಊರಿನ ಅಭಿಮಾನ ಅಕ್ಕಿ ತರುವುದಿಲ್ಲವೆಂದು ಬಲ್ಲೆ. ಆದರೆ ಒಂದು ಮಾತನ್ನು ನನ್ನ ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡಬೇಕೆನಿಸುತ್ತದೆ. ನಮ್ಮಲ್ಲಿ ಅನೇಕರು ನಾಳೆ ಇಂಥ ಕೆಲಸಕ್ಕೇ ಸೇರುವವರು. ಸಂಬಳವೆಷ್ಟೆಂದು ಕೇಳುವುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ಅದರ ಜೊತೆಗೆ, ಕೆಲಸ ಮುಗಿಸಿ ಎದ್ದಾಗ ಜಗುಲಿಯ ಮೇಲೆ ಯಾರಿರುತ್ತಾರೆ ಎಂದೂ ಕೇಳಿಕೊಳ್ಳೋಣ. ಅಣ್ಣನ ಪರವಾನಗಿಯ ವರ್ಷ ಮತ್ತೆ ತುಂಬುತ್ತ ಬಂದಿದೆ. ಅರ್ಜಿ ಹಾಕಿದೆಯಾ ಎಂದು ಕಳೆದ ವಾರ ಕೇಳಿದೆ. ಇನ್ನೂ ಇಲ್ಲ ಎಂದ. ಆಮೇಲೆ, ನಮ್ಮ ಬೀದಿಗೆ ಹೊಸ ಇಂಟರ್ನೆಟ್ ತಂತಿ ಬಂತೇ ಎಂದು ವಿಚಾರಿಸಿದ.