ಡಾಕ್ಟರ್ ಓಡಿಸಿದ ಗಾಡಿ

ಹಳೇ ಕಾರಿನ ವ್ಯಾಪಾರಕ್ಕೆ ಇಳಿದವನನ್ನು ಮೊದಲು ಬೆರಗುಗೊಳಿಸುವುದು ಊರಿನಲ್ಲಿರುವ ಡಾಕ್ಟರುಗಳ ಸಂಖ್ಯೆ. ಮೈಸೂರಿನಲ್ಲಿ ಮಾರಾಟಕ್ಕೆ ನಿಂತ ಗಾಡಿಗಳಲ್ಲಿ ಅರ್ಧಕ್ಕರ್ಧ ಡಾಕ್ಟರು ಓಡಿಸಿದವು. ಉಳಿದರ್ಧ, ಮನೆಯ ಹೆಂಗಸರು ದೇವಸ್ಥಾನಕ್ಕೆ ಮಾತ್ರ ಹೊರತೆಗೆದವು. ಎಲ್ಲವೂ ಸಿಂಗಲ್ ಓನರ್, ಒಂದೂ ನಲವತ್ತು ಸಾವಿರ ಕಿಲೋಮೀಟರ್ ದಾಟಿದ್ದಿಲ್ಲ. ಹಾಗಾದರೆ ಇಷ್ಟು ವರ್ಷ ನಮ್ಮ ರಸ್ತೆಗಳಲ್ಲಿ ಹೊಗೆ ಉಗುಳುತ್ತಾ ಓಡಾಡಿದ ಗಾಡಿಗಳೆಲ್ಲ ಎಲ್ಲಿ ಹೋದವೋ, ಆ ಚಾಮುಂಡಿಗೇ ಗೊತ್ತು.

ನಿವೃತ್ತನಾದ ಮೇಲೆ ನನ್ನನ್ನು ಈ ಕಸುಬಿಗೆ ಹಚ್ಚಿದ್ದು ಪಂಚಾಂಗ. ಆಷಾಢದಲ್ಲಿ ನಮ್ಮ ಕಡೆ ಗಾಡಿ ಕೊಳ್ಳುವವರು ಕಡಿಮೆ. ಮಾರುವ ದರ್ದು ಇದ್ದವನು ಬೆಲೆ ಇಳಿಸುತ್ತಾನೆ. ಶ್ರಾವಣ ಕಳೆದು ಗೌರಿ-ಗಣೇಶ ಬಂದು ಹೋಗುವಷ್ಟರಲ್ಲಿ, ಆಯುಧಪೂಜೆಗೆ ಮನೆ ಮುಂದೊಂದು ಗಾಡಿ ಇರಬೇಕಿತ್ತು ಅಂತ ಊರಿಗೆಲ್ಲ ಅನ್ನಿಸತೊಡಗುತ್ತದೆ. ಆಷಾಢದಲ್ಲಿ ಕೊಂಡು ನವರಾತ್ರಿಗೆ ಮಾರಿದರಾಯಿತು! ಇಷ್ಟು ಸಲೀಸಾದ ಲೆಕ್ಕ ಯಾರಿಗೂ ಹೊಳೆದಿಲ್ಲವಲ್ಲ ಎಂದು ನಾನು ಹಿಗ್ಗುತ್ತಿದ್ದಾಗ, "ಹೊಳೆದೋರೆಲ್ಲ ಆಗಲೇ ಬ್ರೋಕರ್ ಆಗಿದಾರೆ ಕಣ್ರೀ" ಎಂದಳು ಹೆಂಡತಿ.

ಗುರುವಾಗಿ ಸಿಕ್ಕವರು ನಮ್ಮ ಬಡಾವಣೆಯ ಗ್ಯಾರೇಜ್ ಮೇಸ್ತ್ರಿ. ಗಾಡಿ ನೋಡಲು ಹೋದಾಗ ಅವರು ಮೊದಲಿಗೆ ಎಂಜಿನ್ ಕಡೆ ತಿರುಗುವುದೇ ಇಲ್ಲ. ಜೇಬಿನಿಂದ ಪುಟ್ಟ ಅಯಸ್ಕಾಂತ ತೆಗೆದು ಬಾಗಿಲ ಕೆಳಭಾಗಕ್ಕೆ ಹಿಡಿಯುತ್ತಾರೆ. ತಗಡಿದ್ದಲ್ಲಿ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಲಪ್ಪಂ ದಪ್ಪಗೆ ಮೆತ್ತಿ ಬಣ್ಣ ಹೊಡೆದಲ್ಲಿ ಜಾರಿ ಬೀಳುತ್ತದೆ. ಆಮೇಲೆ ಸೀಟ್ ಬೆಲ್ಟನ್ನು ಇನ್ನು ಬರುವುದಿಲ್ಲ ಎನ್ನುವ ತನಕ ಎಳೆಯುತ್ತಾರೆ. ಮಳೆನೀರಲ್ಲಿ ಮುಳುಗಿದ ಗಾಡಿಯಾದರೆ ಸೀಟು, ಮ್ಯಾಟು ಎಲ್ಲ ತೊಳೆದು ಸೆಂಟು ಹೊಡೆದಿರುತ್ತಾರೆ. ಸುತ್ತಿಕೊಂಡು ಒಳಗೆ ಕೂತ ಬೆಲ್ಟಿನ ಕೊನೆಯ ಮೊಳದಲ್ಲಿ ಕೆಸರಿನ ಗೆರೆ ಹಾಗೇ ಇರುತ್ತದೆ. ಟೈರಿನ ಪಕ್ಕೆಯಲ್ಲಿ ನಾಲ್ಕಂಕಿ ಇರುತ್ತದಲ್ಲ, 2319 ಎಂದಿದ್ದರೆ ಅದು 2019ರ ಇಪ್ಪತ್ತಮೂರನೇ ವಾರದ ಟೈರು. ಗಾಡಿ ನಾಲ್ಕು ವರ್ಷದ್ದು, ಮೀಟರಿನಲ್ಲಿ ಇಪ್ಪತ್ತು ಸಾವಿರ, ಟೈರು ನಾಲ್ಕೂ ಹೋದ ವರ್ಷದವು ಎಂದಾದರೆ ಮೇಸ್ತ್ರಿ ಮೀಟರಿಗೆ ಕೈ ಮುಗಿಯುತ್ತಾರೆ. ಕೊನೆಗೆ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿಯುವುದು. ಬಿಸಿ ಹೊಗೆ ಬುಸುಬುಸು ತಾಗಿತೋ, "ಬ್ಯಾಕ್ ಕಂಪ್ರೆಷನ್ ಐತೆ, ನಡೀರಿ ಸಾರ್ ಕಾಫಿ ಕುಡಿಯೋಣ." ಚುಂಚನಕಟ್ಟೆ ಜಾತ್ರೆಯಲ್ಲಿ ನಮ್ಮಜ್ಜ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ ಗತ್ತೇ ಇದು.

ಅವರಲ್ಲಿ ಜ್ಯೋತಿಷ್ಯವೂ ಉಂಟು. ನಂಬರ್ ಪ್ಲೇಟಿನ ಅಂಕಿಗಳನ್ನು ಕೂಡಿದರೆ ಎಂಟು ಬರುವ ಗಾಡಿ ಕಂಡರೆ, ಕೊಳ್ಳುವಾಗ "ಎಂಟು, ಶನಿ ಸಂಖ್ಯೆ, ಯಾರು ತಗೋತಾರೆ ಸಾರ್" ಎಂದು ಬೆಲೆ ಮುರಿಯುತ್ತಾರೆ. ಮಾರುವಾಗ ಅದೇ ಎಂಟು ಅಷ್ಟಲಕ್ಷ್ಮಿ.

ನನ್ನ ಪಾಲಿಗೆ ಬಂದದ್ದು ನಿವೃತ್ತ ಹೆಡ್‌ಮೇಷ್ಟ್ರೊಬ್ಬರ ಬಿಳಿ ಮಾರುತಿ 800, 2008ರ ಮಾಡೆಲ್. 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಗಾಡಿಗೆ ಮನಸೋಲದ ಮಧ್ಯಮವರ್ಗದವನಿಲ್ಲ. ಮನಸೋಲುವುದು ಬೇರೆ, ದುಡ್ಡು ಬಿಚ್ಚುವುದು ಬೇರೆ. ಹದಿನೈದು ವರ್ಷ ತುಂಬಲು ಹತ್ತಿರವಾದ ಗಾಡಿ. 2022ರ ಏಪ್ರಿಲ್‌ನಿಂದ ನೋಂದಣಿ ನವೀಕರಣದ ಶುಲ್ಕ ಆರುನೂರರಿಂದ ಐದು ಸಾವಿರಕ್ಕೆ ಏರಿತ್ತು. ಅದನ್ನೇ ಹಿಡಿದು ಮೇಸ್ತ್ರಿ ಎಪ್ಪತ್ತು ಸಾವಿರವನ್ನು ಅರವತ್ತೆರಡಕ್ಕೆ ಇಳಿಸಿದರು.

ಮೇಷ್ಟ್ರು ಕೀ ಕೊಡುವ ಮುಂಚೆ ಒಂದು ಗೆರೆ ಹಾಕಿದ ನೋಟ್‌ಬುಕ್ ಕೊಟ್ಟರು. ಗಾಡಿ ಮನೆಗೆ ಬಂದ ದಿನದಿಂದ ಹಾಕಿಸಿದ ಪೆಟ್ರೋಲಿನ ಲೆಕ್ಕ, ತಾರೀಖು, ಲೀಟರು, ಕಿಲೋಮೀಟರು. ಮೈಲೇಜು ಹದಿನಾಲ್ಕಕ್ಕೆ ಇಳಿದ ತಿಂಗಳುಗಳಿಗೆ ಕೆಂಪು ಶಾಯಿಯ ಅಡಿಗೆರೆ. ಅಷ್ಟರ ಮಟ್ಟಿಗೆ ಗಾಡಿ ಫೇಲು. ಷರಾ ಎಂಬ ಕಾಲಮ್ಮಿನಲ್ಲಿ ಅಲ್ಲಲ್ಲಿ ಒಂದೊಂದು ಮಾತು. "ಮಗಳ ಬಾಣಂತನ, ಮಂಡ್ಯ." "ಮಗನ ವೀಸಾ, ಚೆನ್ನೈ ರೈಲಿಗೆ." ಈಚಿನ ಪುಟಗಳಲ್ಲಿ ತಿಂಗಳಿಗೊಂದೇ ಸಾಲು, "ಬ್ಯಾಟರಿ ಇಳಿಯದಿರಲೆಂದು ಸ್ಟಾರ್ಟ್ ಮಾಡಿದ್ದು." ಅದನ್ನು ಓದುತ್ತಾ ನಿಂತವನಿಗೆ ಇನ್ನೂ ಐನೂರು ಇಳಿಸಿ ಎನ್ನಲು ನಾಲಿಗೆ ಏಳಲಿಲ್ಲ. ವ್ಯಾಪಾರದಲ್ಲಿ ಲಾಭ ಇರುವುದು ಕೊಳ್ಳುವಾಗಲೇ ಎನ್ನುತ್ತಾರೆ ಮೇಸ್ತ್ರಿ. ಆ ನೋಟ್‌ಬುಕ್ ತೆರೆದದ್ದಕ್ಕೆ ಅವರಿಗೆ ನನ್ನ ಮೇಲೆ ಇವತ್ತಿಗೂ ಸಿಟ್ಟು.

"ಭಾನುವಾರ ಭಾನುವಾರ ಒಂದ್ ರೌಂಡ್ ಹಾಕಿ, ನಿಲ್ಲಿಸ್ಬಿಟ್ರೆ ಮುನಿಸ್ಕೊಳ್ಳುತ್ತೆ" ಎಂದರು ಮೇಷ್ಟ್ರು. ನಾನು ಮಾರಲಿಕ್ಕೆಂದೇ ಕೊಳ್ಳುತ್ತಿರುವವನು ಎಂದು ಅವರಿಗೆ ಗೊತ್ತಿರಲಿಲ್ಲ. ಮೇಸ್ತ್ರಿ ನನ್ನ ಕಾಲು ತುಳಿದರು.

ತುಳಿತ ಅಲ್ಲಿಗೇ ಮುಗಿಯಲಿಲ್ಲ. ಫಾರಂ 29, 30ಕ್ಕೆ ಮೇಷ್ಟ್ರ ಸೈನ್ ಹಾಕಿಸಿ, ಕೊಳ್ಳುವವರ ಹೆಸರು ಖಾಲಿ ಬಿಟ್ಟು ಇಟ್ಟುಕೊಳ್ಳಿ, ಪಾರ್ಟಿ ಸಿಕ್ಕಾಗ ತುಂಬಿದರಾಯಿತು, ಆಗ ಸಿಂಗಲ್ ಓನರ್ ಅನ್ನೋ ಹೆಸರು ಉಳಿಯುತ್ತೆ ಎಂಬುದು ಅವರ ಸಲಹೆ. ಕಸುಬಿನಲ್ಲಿ ಎಲ್ಲರೂ ಮಾಡುವುದು ಹಾಗೇ. ಆದರೆ ಇಂಥದೇ ಒಂದು ಪ್ರಕರಣದಲ್ಲಿ, ಗಾಡಿ ಕೈಯಿಂದ ಕೈಗೆ ದಾಟಿ ಅಪಘಾತವಾದರೂ ಆರ್‌ಸಿಯಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಯಾರೋ ಎಲ್ಲೋ ಗುದ್ದಿ ಸಮನ್ಸು ಮಾತ್ರ ಮೇಷ್ಟ್ರ ಬಾಗಿಲಿಗೆ ಹೋಗುವ ಚಿತ್ರ ಕಣ್ಣಿಗೆ ಕಟ್ಟಿ, ಗಾಡಿಯನ್ನು ನನ್ನ ಹೆಸರಿಗೇ ವರ್ಗ ಮಾಡಿಸಿದೆ. ಗಾಡಿ ಸೆಕೆಂಡ್ ಓನರ್ ಆಯಿತು, ಬೆಲೆ ಅಲ್ಲೇ ಮೂರು ಸಾವಿರ ಕೆಳಗೆ ಕೂತಿತು. ಕ್ಲಚ್ ಪ್ಲೇಟು, ಬ್ಯಾಟರಿ, ಇನ್ಶೂರೆನ್ಸು, ಪಾಲಿಶು ಅಂತ ಉಳಿದದ್ದರ ದೊಡ್ಡ ಪಾಲೂ ಕರಗಿತು.

ಭಾನುವಾರ ಬೆಳಿಗ್ಗೆ ಮೇಷ್ಟ್ರ ಫೋನು ತಪ್ಪುತ್ತಿರಲಿಲ್ಲ. "ರೌಂಡ್ ಹಾಕಿದ್ರಾ?" ಹಾಕಿದೆ ಎನ್ನಲಿಕ್ಕಾದರೂ ಹಾಕಬೇಕಲ್ಲ, ನಾನೂ ಹೆಂಡತಿಯೂ ಲಲಿತಮಹಲ್ ರಸ್ತೆಯ ತನಕ ಹೋಗಿ ಬರುತ್ತಿದ್ದೆವು. ಅವಳಿಗೆ ಗಾಡಿ ಹಿಡಿಸಿತು. ಅದು ಬೇರೆ ಕಷ್ಟ.

ಆಯುಧಪೂಜೆಗೆ ಇನ್ನೊಂದು ವಾರವಿದೆ ಎನ್ನುವಾಗ ನಂಜನಗೂಡಿನ ಕಿರಾಣಿ ಅಂಗಡಿಯ ಹುಡುಗನೊಬ್ಬ ಬಂದು ಎಪ್ಪತ್ತೆಂಟಕ್ಕೆ ಒಪ್ಪಿಕೊಂಡ. ನೋಟ್‌ಬುಕ್ಕನ್ನೂ ಅವನಿಗೇ ಕೊಟ್ಟೆ. ಕೊಡದೆ ಇರಲು ಮನಸ್ಸಾಗಿತ್ತು. ಲಾಭ ಎಷ್ಟಾಯಿತು ಎಂದು ಹೆಂಡತಿ ಕೇಳಿದಾಗ ಲಲಿತಮಹಲ್ ರಸ್ತೆಯ ಪೆಟ್ರೋಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಒಂದು ಗೌರವದ ಮೊತ್ತ ಹೇಳಿದೆ.

ಮೇಷ್ಟ್ರಿಗೆ ಹೇಗೆ ಹೇಳುವುದು ಎಂದು ನಾನು ಮಾತು ಹೊಂದಿಸುತ್ತಿರುವಾಗಲೇ ಭಾನುವಾರದ ಫೋನು ನಿಂತುಹೋಯಿತು. ಆಮೇಲೆ ಗೊತ್ತಾಯಿತು: ಕಾರ್ತಿಕ ಸೋಮವಾರ ನಂಜುಂಡೇಶ್ವರನ ದರ್ಶನಕ್ಕೆ ಹೋದವರು ದೇವಸ್ಥಾನದ ಹತ್ತಿರ ತಮ್ಮ ಗಾಡಿಯನ್ನು ಕಂಡಿದ್ದಾರೆ, ಪಕ್ಕದಲ್ಲೇ ನಿಂತು ಹುಡುಗ ಬರುವ ತನಕ ಕಾದಿದ್ದಾರೆ, ಅವನ ನಂಬರ್ ತೆಗೆದುಕೊಂಡಿದ್ದಾರೆ.

ಮೊನ್ನೆ ಹುಡುಗ ನನಗೆ ಫೋನ್ ಮಾಡಿದ್ದ. "ಸಾರ್, ಗಾಡಿ ಏನೋ ಚೆನ್ನಾಗೈತೆ. ಜೊತೆಗೆ ಮೇಷ್ಟ್ರೂ ಬರ್ತಾರೆ ಅಂತ ನೀವು ಹೇಳ್ಲೇ ಇಲ್ವಲ್ಲ?"

ಮೇಸ್ತ್ರಿಗೆ ಇದನ್ನು ತಿಳಿಸಿದೆ. ಅವರು ಸ್ಪ್ಯಾನರ್ ಕೆಳಗಿಟ್ಟು ಯೋಚಿಸಿದರು. "ಮೊದಲೇ ಹೇಳಿದ್ರೆ ಇನ್ನೆರಡು ಸಾವಿರ ಕೇಳಬಹುದಿತ್ತು ಸಾರ್."