ಯಾರೂ ಹಾಜರಿ ಕರೆಯದ ಕ್ಲಾಸು

ಬೆಂಗಳೂರಿನಲ್ಲಿ ಯಾರಾದರೂ ಜಪಾನೀಸ್ ಕಲಿಯುತ್ತಿದ್ದಾರೆ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು ಎಂದು ಜನ ನಂಬಿದ್ದಾರೆ. ಬಿಡದಿಯ ಟೊಯೊಟಾದಲ್ಲಿ ಕೆಲಸ ಇರಬೇಕು, ಇಲ್ಲವೇ ಕಂಪನಿಯವರು ಟೋಕಿಯೋಗೆ ಕಳಿಸುತ್ತಿರಬೇಕು, ಅದೂ ಇಲ್ಲದಿದ್ದರೆ ಮಗಳೋ ಅಳಿಯನೋ ಒಸಾಕಾದಲ್ಲಿರಬೇಕು. ನನಗೆ ಇದ್ಯಾವುದೂ ಇಲ್ಲ. ‘ಮತ್ಯಾಕ್ರೀ?’ ಎಂದವರಿಗೆ ‘ಸುಮ್ಮನೆ’ ಎನ್ನುತ್ತೇನೆ. ಈ ಉತ್ತರದಿಂದ ಇಲ್ಲಿಯವರೆಗೆ ಯಾರಿಗೂ ಸಮಾಧಾನವಾದಂತಿಲ್ಲ. ವೀಣೆ ಕಲಿಯುವವರನ್ನೂ ಗುಲಾಬಿ ಬೆಳೆಸುವವರನ್ನೂ ಕೇಳದ ಪ್ರಶ್ನೆಯನ್ನು ಭಾಷೆ ಕಲಿಯುವವರಿಗೆ ಮಾತ್ರ ಯಾಕೆ ಕೇಳುತ್ತಾರೋ!

ಕಾರಣವಿಲ್ಲದ ಕಲಿಕೆಯಲ್ಲಿ ಒಂದು ತೊಡಕಿರುವುದು ನಿಜ. ಬಿಟ್ಟರೂ ಕೇಳುವವರಿಲ್ಲ. ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಕಲಿಯುವವನಿಗೆ ಹಾಜರಿ ಕರೆಯುವ ಮೇಷ್ಟ್ರಿಲ್ಲ, ಕಟ್ಟಿದ ಫೀಸು ದಂಡವಾಯಿತೆಂಬ ಸಂಕಟವೂ ಇಲ್ಲ. ಬೈಯುವವನೂ ನಾನೇ, ಬೈಸಿಕೊಳ್ಳುವವನೂ ನಾನೇ ಆದ್ದರಿಂದ ಇಬ್ಬರೂ ಬೇಗ ರಾಜಿಯಾಗಿಬಿಡುತ್ತಾರೆ. ಇಂಟರ್ನೆಟ್ಟಿನಲ್ಲಿ ಪಾಠಕ್ಕೇನೂ ಬರವಿಲ್ಲ. ಜಪಾನ್ ಫೌಂಡೇಶನ್ನಿನ ‘ಇರೊದೊರಿ’ ಪಠ್ಯವನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯವರು ಸಣ್ಣ ಸಣ್ಣ ಪಾಠಗಳನ್ನು ಕೇಳಿಸುತ್ತಾರೆ. ಬರವಿರುವುದು ಹುರುಪಿಗೆ. ಅದನ್ನು ಶಿಸ್ತಿನಿಂದ ಉಳಿಸಿಕೊಳ್ಳಬೇಕು ಎಂದು ತಿಳಿದವರು ಹೇಳುತ್ತಾರೆ. ನನಗೆ ಕಂಡಂತೆ ಶಿಸ್ತಿಗಿಂತ ಚಪಲವೇ ಹೆಚ್ಚು ದಿನ ಬಾಳಿಕೆ ಬರುತ್ತದೆ.

ಆ ಚಪಲ ಹುಟ್ಟಿದ್ದು ಅಕ್ಷರಮಾಲೆಯಲ್ಲೇ. ಹಿರಗಾನದ 46 ಅಕ್ಷರಗಳ ಕೋಷ್ಟಕ ತೆರೆದರೆ ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಇದು ನಮ್ಮ ಮಗ್ಗಿ ಪುಸ್ತಕದ ಸಾಲಲ್ಲವೇ ಎಂದು ಕನ್ನಡಿಗರಿಗೆ ಅನ್ನಿಸದೆ ಇರದು. ಸಂಸ್ಕೃತವನ್ನು ಸಿದ್ಧಂ ಲಿಪಿಯಲ್ಲಿ ಅಭ್ಯಾಸ ಮಾಡಿದ ಬೌದ್ಧ ಭಿಕ್ಷುಗಳ ಮೂಲಕ ಈ ಕ್ರಮ ಜಪಾನಿಗೆ ಹೋಗಿ ಸೇರಿತು. ಆದರೆ ಪ ಕೂರಬೇಕಾದ ಜಾಗದಲ್ಲಿ ಹ ಬಂದು ಕೂತಿದೆಯಲ್ಲ? ಬಹಳ ಹಿಂದೆ ಅಲ್ಲೂ ಪಕಾರವೇ ಇತ್ತು. ಶತಮಾನಗಳು ಸರಿದಂತೆ ಅದು ಹಕಾರವಾಯಿತು. ನಮ್ಮಲ್ಲಿ ಪಾಲು ಹಾಲಾದದ್ದು, ಪುಲಿ ಹುಲಿಯಾದದ್ದು ಗೊತ್ತೇ ಇದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಎಲ್ಲೆಲ್ಲೋ ಕೂತು ಒಂದೇ ಚಾಳಿ ಕಲಿತಿವೆ! ಪರೀಕ್ಷೆಯಲ್ಲಿ ಇದಕ್ಕೆ ಅರ್ಧ ಅಂಕವೂ ಸಿಗುವುದಿಲ್ಲ. ಆದರೂ ಆ ರಾತ್ರಿ ನನಗೆ ಬೇಗ ನಿದ್ದೆ ಹತ್ತಲಿಲ್ಲ.

ಕತಕಾನ ಎಂಬ ಎರಡನೆಯ ಅಕ್ಷರಮಾಲೆ ಬಂದಾಗ ಗಣಿತದ ಚೌಕಳಿ ಪುಸ್ತಕ ತಂದೆ. ಕತಕಾನದಲ್ಲಿ ‘ಶಿ’ ಮತ್ತು ‘ತ್ಸು’ ಎಂಬ ಎರಡು ಅಕ್ಷರಗಳಿವೆ. ಎರಡಕ್ಕೂ ಎರಡು ಪುಟ್ಟ ಗೀಟು, ಒಂದು ಉದ್ದನೆಯ ಬಾಗು ಗೀಟು. ಪರದೆಯ ಮೇಲೆ ನೋಡಿದರೆ ಯಾವುದು ಯಾವುದೆಂದು ತಲೆ ಕೆಡುತ್ತದೆ. ಪೆನ್ಸಿಲ್ ಹಿಡಿದು ಬರೆದಾಗ ಗುಟ್ಟು ಬಿಚ್ಚಿಕೊಳ್ಳುತ್ತದೆ. ‘ಶಿ’ಯ ಪುಟ್ಟ ಗೀಟುಗಳು ಎಡಗಡೆ ಒಂದರ ಕೆಳಗೊಂದು ನಿಲ್ಲುತ್ತವೆ, ಉದ್ದ ಗೀಟು ಕೆಳಗಿನಿಂದ ಮೇಲಕ್ಕೇರುತ್ತದೆ. ‘ತ್ಸು’ವಿನವು ಮೇಲ್ಗಡೆ ಅಕ್ಕಪಕ್ಕ ನಿಲ್ಲುತ್ತವೆ, ಉದ್ದ ಗೀಟು ಮೇಲಿನಿಂದ ಕೆಳಗಿಳಿಯುತ್ತದೆ. ಕಣ್ಣಿಗೆ ಒಂದೇ ಎನಿಸಿದ್ದು ಮಣಿಕಟ್ಟಿಗೆ ಬೇರೆ ಬೇರೆ. ಆಫೀಸಿನಿಂದ ಸೋತು ಬಂದ ಸಂಜೆ ಒಂದು ಪುಟ ತುಂಬ ಇವನ್ನೇ ಬರೆದರೆ ಸಾಕು, ತಲೆ ಹಗುರಾಗುತ್ತದೆ.

ಕಾಂಜಿ ಎಂಬ ಚೀನೀ ಮೂಲದ ಅಕ್ಷರಗಳು ಮಾತ್ರ ಅಷ್ಟು ಸುಲಭಕ್ಕೆ ಒಲಿಯುವಂಥವಲ್ಲ. 2010ರಲ್ಲಿ ಪರಿಷ್ಕರಿಸಿದ ಸರ್ಕಾರಿ ಪಟ್ಟಿಯಲ್ಲೇ 2,136 ಇವೆ. ಒಂದೊಂದಕ್ಕೂ ಸಾಮಾನ್ಯವಾಗಿ ಎರಡು ಓದು, ಕೆಲವಕ್ಕೆ ಇನ್ನೂ ಹೆಚ್ಚು. ಸ್ವಂತವಾಗಿ ಕಲಿಯುವವರಲ್ಲಿ ಅನೇಕರು ಇಲ್ಲಿ ನೆನಪು ಪರೀಕ್ಷಿಸುವ ಕಾರ್ಡುಗಳನ್ನು ತೋರಿಸುವ ‘ಆಂಕಿ’ ಎಂಬ ಆ್ಯಪಿನ ಮೊರೆ ಹೋಗುತ್ತಾರೆ. ನೆನಪಿದ್ದ ಕಾರ್ಡು ನಾಲ್ಕು ದಿನ, ಹದಿನೈದು ದಿನ, ಎರಡು ತಿಂಗಳು ಎಂದು ದೂರ ದೂರ ಹೋಗುತ್ತದೆ. ಮರೆತದ್ದು ಮತ್ತೆ ಎದುರಿಗೆ ಬರುತ್ತದೆ. ಇದರ ಬೇರು ಹಳೆಯದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಎಂದು ಲೆಕ್ಕ ಬರೆದು, 1885ರಲ್ಲಿ ಪುಸ್ತಕ ಮಾಡಿದ. ವಿದ್ಯೆ ಒಳ್ಳೆಯದೇ. ಆದರೆ ನೆಂಟರ ಮನೆಗೆಂದು ನಾಲ್ಕು ದಿನ ಹೋಗಿ ಬಂದರೆ ಬಾಕಿ ಕಾರ್ಡುಗಳು ಕಟ್ಟದೆ ಬಿಟ್ಟ ಕರೆಂಟ್ ಬಿಲ್ಲಿನ ಹಾಗೆ ಬೆಳೆದಿರುತ್ತವೆ. ಬಹಳ ಜನರ ಜಪಾನೀಸ್ ಅಲ್ಲೇ ನಿಲ್ಲುವುದು. ನಾನು ಅಂಥ ದಿನಗಳಲ್ಲಿ ಹೊಸ ಕಾರ್ಡನ್ನು ನಿಲ್ಲಿಸಿ, ಕಾಫಿ ಮುಗಿಯುವಷ್ಟರಲ್ಲಿ ಎಷ್ಟಾಗುತ್ತದೋ ಅಷ್ಟು ನೋಡಿ ಏಳುತ್ತೇನೆ. ಬಾಕಿ ಬಾಕಿಯಾಗಿಯೇ ಇರಲಿ. ಯಾರೂ ಜಪ್ತಿಗೆ ಬರುವುದಿಲ್ಲ.

ದಣಿವನ್ನೆಲ್ಲ ಮರೆಸುವುದು ವ್ಯಾಕರಣ. ಇಂಗ್ಲಿಷಿನವರಿಗೆಂದು ಬರೆದ ಪಾಠಗಳಲ್ಲಿ ‘ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಗಾಬರಿಯಾಗಬೇಡಿ’ ಎಂಬಂಥ ಸಾಂತ್ವನ ಇರುತ್ತದೆ. ಕೊನೆಗಲ್ಲದೆ ಇನ್ನೆಲ್ಲಿಗೆ ಬರಬೇಕು ಎನಿಸುತ್ತದೆ ನಮಗೆ. ವಿಭಕ್ತಿಯ ಕೆಲಸ ಮಾಡುವ ತುಣುಕುಗಳು ನಾಮಪದದ ಹಿಂದೆಯೇ ಬರುತ್ತವೆ. ‘ನಿನ್ನೆ ಕೊಂಡ ಪುಸ್ತಕ’ ಎನ್ನುವುದು ಅದೇ ಕ್ರಮದಲ್ಲಿ ‘ಕಿನೋ ಕತ್ತ ಹೊನ್’. ಇನ್ನು ಜೋಡಿ ಕ್ರಿಯಾಪದಗಳಂತೂ ಹಬ್ಬ. ‘ತಬೆತೆ ಮಿರು’ ಎಂದರೆ ತಿಂದು ನೋಡು. ಅಲ್ಲೂ ಕಣ್ಣಿಗೆ ಕೆಲಸವಿಲ್ಲ. ‘ತಬೆತೆ ಶಿಮಾವು’ ಎಂದರೆ ತಿಂದುಬಿಡು. ‘ಕತ್ತೆ ಒಕು’ ಎಂದರೆ ಕೊಂಡಿಡು. ಅಲ್ಲಿಯ ಕತ್ತೆಗೆ ‘ಕೊಂಡು’ ಎಂದರ್ಥ, ನಗಬಾರದು. ಪಾಠ ಮಾಡುವವರು ಇವನ್ನು ಇಂಗ್ಲಿಷಿನಲ್ಲಿ ತಿಳಿಸಲು ಒಂದೊಂದಕ್ಕೂ ಹತ್ತು ನಿಮಿಷ ಹೆಣಗುತ್ತಾರೆ. ನಾನು ಒಂದು ಕ್ಷಣದಲ್ಲಿ ‘ಓಹೋ’ ಎಂದು ಮುಂದೆ ಹೋಗಿ, ಉಳಿದ ಒಂಬತ್ತು ನಿಮಿಷ ಬೀಗುತ್ತೇನೆ.

ಓದಿನಲ್ಲಿ ನನ್ನ ಕೈಹಿಡಿದದ್ದು ‘ತದೊಕು’ ಎಂಬ ಪದ್ಧತಿ. ಹೆಚ್ಚು ಹೆಚ್ಚು ಓದುವುದು ಎಂಬುದೇ ಅದರ ತಿರುಳು. ಅದಕ್ಕೆ ನಾಲ್ಕು ನಿಯಮ: ತೀರಾ ಸುಲಭದ್ದರಿಂದ ಶುರುಮಾಡು, ನಿಘಂಟು ನೋಡಬೇಡ, ತಿಳಿಯದ್ದನ್ನು ಹಾರಿಸು, ಓದು ಸಾಗದಿದ್ದರೆ ಆ ಪುಸ್ತಕ ಬಿಟ್ಟು ಇನ್ನೊಂದು ಎತ್ತಿಕೊ. ನಾಲ್ಕನೆಯದನ್ನು ನಾನು ಹುಟ್ಟಿದಾಗಿನಿಂದ ಪಾಲಿಸುತ್ತಿದ್ದೇನೆ. ಅದೂ ಒಂದು ಪದ್ಧತಿಯೆಂದು ತಿಳಿದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಈ ದಾರಿಯಲ್ಲಿ ಸಿಕ್ಕಿದವಳು ಕಿಯೊಹಿಕೊ ಅಜುಮಾ ಅವರ ಚಿತ್ರಕಥೆಯ ಪುಟ್ಟ ಹುಡುಗಿ ಯೊತ್ಸುಬಾ. ಹೊಸ ಮನೆ, ಪಕ್ಕದ ಮನೆ, ಮಳೆ, ಉಯ್ಯಾಲೆ ಎಲ್ಲವೂ ಅವಳಿಗೆ ಮೊದಲ ಸಲ. ನನಗೂ ಅವಳ ಭಾಷೆಯಲ್ಲಿ ಎಲ್ಲವೂ ಮೊದಲ ಸಲವೇ. ಅವಳ ಒಂದು ತಮಾಷೆಗೆ ನಿಘಂಟಿನ ಹಂಗಿಲ್ಲದೆ ನಕ್ಕೆ. ಯಾವ ಪ್ರಮಾಣಪತ್ರ ಕೊಟ್ಟರೂ ಆ ನಗುವಿನ ಖುಷಿ ಬರಲಾರದು.

ಪ್ರಮಾಣಪತ್ರವೂ ಉಂಟು. 1984ರಿಂದ ನಡೆಯುತ್ತಿರುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಮೆಟ್ಟಿಲುಗಳಿವೆ, ಬೆಂಗಳೂರಿನಲ್ಲೂ ಕೇಂದ್ರವಿದೆ. ಸರಿಯುತ್ತರ ಆರಿಸುವುದಷ್ಟೇ, ಅಲ್ಲಿ ಬಾಯಿಬಿಟ್ಟು ಒಂದು ಮಾತೂ ಆಡಬೇಕಿಲ್ಲ. ಹಾಗಾಗಿ ಮಾತಿನ ಅಭ್ಯಾಸ ನನ್ನದು ಅಡುಗೆಮನೆಯಲ್ಲಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕೇಳಿದ್ದನ್ನು ಕೇಳಿದ ಲಯದಲ್ಲೇ ಹಿಂದೆಯೇ ಒದರುತ್ತ ಹುರುಳಿಕಾಯಿ ಹೆಚ್ಚುವುದು. ‘ಯಾರ ಜೊತೆ ಜಗಳ ಆಡ್ತಿದೀರಿ?’ ಎನ್ನುತ್ತಾಳೆ ಹೆಂಡತಿ. ಕ್ಷಮೆ ಕೇಳುವ ಪಾಠವಾದರೂ ಅವಳಿಗೆ ಅದು ಜಗಳವಾಗಿಯೇ ಕೇಳುತ್ತದೆ.

ಈಗ ಎಣಿಕೆಯ ಪಾಠದಲ್ಲಿದ್ದೇನೆ. ಪೆನ್ಸಿಲು, ಬಾಟಲಿ, ಕೊಡೆಯಂಥ ಉದ್ದನೆಯ ವಸ್ತುಗಳಿಗೆ ‘ಇಪ್ಪೊನ್, ನಿಹೊನ್, ಸಂಬೊನ್’; ಫೋನ್ ಕರೆಯನ್ನೂ ಹೀಗೇ ಎಣಿಸುತ್ತಾರೆ. ಕಾಗದದಂತೆ ಚಪ್ಪಟೆಯಾದದ್ದಕ್ಕೆ ಬೇರೆ ಲೆಕ್ಕ, ಮೊಲಕ್ಕೆ ಹಕ್ಕಿಯ ಲೆಕ್ಕ. ಇಷ್ಟೊಂದು ಯಾಕಪ್ಪ ಎಂದು ಗೊಣಗುವಾಗಲೇ ಒಬ್ಬರು, ಇಬ್ಬರು, ಮೂವರು, ನಾಲ್ವರು, ಐವರು ಎಂದು ಬಂದು ಆಮೇಲೆ ಆರು ಜನ ಎನ್ನುವ ನಮ್ಮ ಲೆಕ್ಕ ಕಣ್ಣಿಗೆ ಬಿತ್ತು. ಗೊಣಗುವುದನ್ನು ಬಿಟ್ಟೆ. ಈ ಪಾಠ ಮುಗಿದರೆ ಗೌರವವಾಚಕಗಳು ಕಾದಿವೆ, ಅದರಾಚೆ ಇನ್ನೇನೋ. ‘ಯಾವಾಗ ಮುಗಿಯುತ್ತೆ?’ ಎಂದು ಸ್ನೇಹಿತರು ಕನಿಕರದಿಂದ ಕೇಳುತ್ತಾರೆ. ನನ್ನ ಸ್ವಭಾವ ನನಗೆ ಗೊತ್ತು. ಮುಗಿಯುವಂಥದ್ದಾಗಿದ್ದರೆ ಎಂದೋ ಅರ್ಧಕ್ಕೆ ಬಿಟ್ಟುಬಿಡುತ್ತಿದ್ದೆ.