ಉದುರುವ ಕೂದಲೂ, ಊರವರ ಸಲಹೆಗಳೂ

ಕೂದಲು ಉದುರ್ತಾ ಇದೆ ಅಂತ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಎದುರಿಗಿರೋರು ಯಾರೇ ಆಗಿರಲಿ, ತಕ್ಷಣ ಡಾಕ್ಟರಾಗಿಬಿಡ್ತಾರೆ. ಮಂಡಿನೋವಿಗೂ, ಕಾಮಾಲೆಗೂ ಇಷ್ಟು ಜನ ಪಂಡಿತರು ಸಿಗೋದಿಲ್ಲ. ಪಕ್ಕದ ಮನೆಯವರು ಈರುಳ್ಳಿ ರಸ ಅಂತಾರೆ, ಆಫೀಸಿನ ಗೆಳೆಯ ಶಾಂಪೂ ಬದಲಿಸು ಅಂತಾನೆ, ಅತ್ತೆ ದಾಸವಾಳದ ಗೊಂಪು ಹಚ್ಚು ಅಂತಾರೆ. ಇನ್ನು ತನ್ನ ತಲೆಯಲ್ಲೇ ನಾಲ್ಕು ಕೂದಲಿಲ್ಲದ ದೊಡ್ಡಪ್ಪ "ಗರುಗದ ಎಣ್ಣೆ ಹಚ್ಚೋ, ಗ್ಯಾರಂಟಿ ನಿಲ್ಲತ್ತೆ" ಅಂದಾಗ ನಗಬೇಕೋ ಬೇಡವೋ ಗೊತ್ತಾಗೋದಿಲ್ಲ :)

ನಮ್ಮದು ಮೊದಲಿನಿಂದಲೂ ಬೊಕ್ಕತಲೆಯ ವಂಶ. ಅಜ್ಜನ ಹಳೇ ಫೋಟೋದಲ್ಲಿ ಟೋಪಿ ಇದೆ, ಅಪ್ಪನ ಮದುವೆ ಫೋಟೋದಲ್ಲಿ ಪೇಟ ಇದೆ. ಅದರ ಕೆಳಗೆ ಏನಿತ್ತು ಅಂತ ಕೇಳೋದು ಬೇಡ. ನನಗೂ 27ಕ್ಕೆ ಹಣೆ ದೊಡ್ಡದಾಗೋಕೆ ಶುರುವಾಯ್ತು, 40 ದಾಟಿದ ಮೇಲೆ ಬಾಚಣಿಗೆ ಖರ್ಚು ಉಳೀತು. ನನ್ನ ಕಥೆ ಅಷ್ಟೇ, ಅದರಲ್ಲಿ ದುಃಖ ಏನೂ ಇಲ್ಲ. ಆದರೆ ಈಗ ನಮ್ಮ ಮನೆಯ ಮುಂದಿನ ತಲೆಮಾರಿನ ಹುಡುಗ ಹುಡುಗಿಯರು, 20-22ರ ವಯಸ್ಸಿನವರು, ಇದೇ ಚಿಂತೆಯಲ್ಲಿ ನಿದ್ದೆಗೆಡೋದನ್ನ ನೋಡಿದ್ರೆ ಸುಮ್ಮನಿರೋಕೆ ಆಗ್ತಿಲ್ಲ. ಅದಕ್ಕೇ ಈ ಬರಹ.

ಮೊದಲು ಸ್ವಲ್ಪ ಲೆಕ್ಕ. ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತೆ. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತೆ, ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್. ಆಮೇಲೆ ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು 3 ತಿಂಗಳು ವಿಶ್ರಾಂತಿ ತಗೊಂಡು ಉದುರಿಹೋಗುತ್ತೆ. ಅದೇ ಜಾಗದಲ್ಲಿ ಹೊಸ ಕೂದಲು ಹುಟ್ಟುತ್ತೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರೋದು ಸಹಜ. ಎರಡು ದಿನಕ್ಕೊಮ್ಮೆ ತಲೆಗೆ ಸ್ನಾನ ಮಾಡೋರಿಗೆ ಬಚ್ಚಲ ಜಾಲರಿಯಲ್ಲಿ ಒಂದು ಉಂಡೆ ಕಂಡ್ರೆ, ಅದು ಎರಡು ದಿನದ ಬಾಕಿ ಒಟ್ಟಿಗೆ ತೀರಿದ್ದು ಅಷ್ಟೇ. ಉದುರೋದು ಸಮಸ್ಯೆಯಲ್ಲ. ಉದುರಿದಷ್ಟು ಹುಟ್ಟದೇ ಇದ್ರೆ, ಅಥವಾ ಹುಟ್ಟಿದ್ದು ದಿನೇದಿನೇ ತೆಳ್ಳಗಾಗ್ತಾ ಹೋದ್ರೆ ಸಮಸ್ಯೆ.

ಬೆಂಗಳೂರಿಗೆ ಬಂದ ಹುಡುಗರನ್ನ ಕೇಳಿದ್ರೆ ಎಲ್ಲರದ್ದೂ ಒಂದೇ ಉತ್ತರ: "ಇಲ್ಲಿನ ನೀರು ಸರಿ ಇಲ್ಲ". ಪಿಜಿಯ ಬೋರ್‌ವೆಲ್ ನೀರು ಪಾಪ, ಬೆಂಗಳೂರಿನ ಅರ್ಧ ಬೋಳುತಲೆಗಳ ಪಾಪವನ್ನ ಹೊತ್ತುಕೊಂಡಿದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಸೋಪು ನೊರೆ ಬರೋದಿಲ್ಲ, ಕೂದಲ ಮೇಲೆ ಪದರ ಕಟ್ಟುತ್ತೆ, ತೆಂಗಿನ ನಾರಿನ ಹಾಗೆ ಒರಟಾಗುತ್ತೆ, ಬಾಚುವಾಗ ತುಂಡಾಗಬಹುದು. ಅದೆಲ್ಲಾ ಹೊರಗೆ ಕಾಣೋ ಕೂದಲಿನ ಕಥೆ. ಹೊರಗಿರೋ ಕೂದಲು ಸತ್ತ ವಸ್ತು, ಉಗುರಿನ ಹಾಗೆ. ಜೀವ ಇರೋದು ಚರ್ಮದೊಳಗಿನ ಬುಡದಲ್ಲಿ. ಹಣೆಯ ಎರಡೂ ಮೂಲೆಯಿಂದ ಕೂದಲು ಹಿಂದೆ ಸರೀತಾ ಇದ್ರೆ ಅದಕ್ಕೆ ನೀರು ಕಾರಣ ಅಲ್ಲ. ನೀರೇ ಕಾರಣ ಆಗಿದ್ರೆ ಹಿಂದಲೆಯನ್ನ ಮಾತ್ರ ಯಾಕೆ ಬಿಟ್ಟಿತು ಹೇಳಿ?

ಎರಡನೇ ಆರೋಪಿ ಹೆಲ್ಮೆಟ್. ಇದು ತಮಾಷೆಯ ವಿಷಯ ಅಲ್ಲ. ನಮ್ಮ ಅಣ್ಣನ ಮಗ ಒಬ್ಬ ಹೆಲ್ಮೆಟ್ಟನ್ನ ಬೈಕಿನ ಟ್ಯಾಂಕ್ ಮೇಲೆ ಇಟ್ಕೊಂಡು ಓಡಾಡ್ತಿದ್ದ, ಪೊಲೀಸರು ಕಂಡಾಗ ಮಾತ್ರ ತಲೆಗೇರಿಸ್ತಿದ್ದ. ಕೇಳಿದ್ರೆ "ಕೂದಲಿಗೆ ಗಾಳಿ ಆಡಲ್ಲ ಚಿಕ್ಕಪ್ಪಾ" ಅಂದ. ಕೂದಲಿನ ಬುಡಕ್ಕೆ ಬೇಕಾದ ಆಮ್ಲಜನಕ ರಕ್ತದಿಂದ ಬರುತ್ತೆ ಕಣೋ, ಹೊರೂರ ರಸ್ತೆಯ ಗಾಳಿಯಿಂದ ಅಲ್ಲ ಅಂತ ಹೇಳಿದೆ. ಬೆವರು ಕಟ್ಟಿ ತುರಿಕೆ, ಹೊಟ್ಟು ಆಗಬಹುದು. ಒಳಗೊಂದು ತೆಳು ಹತ್ತಿಬಟ್ಟೆ ಕಟ್ಕೊಂಡು, ಅದನ್ನ ದಿನಾ ಒಗೆದ್ರೆ ಆಯ್ತು. ನಮ್ಮ ರಾಜ್ಯದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದು 2016ರ ಜನವರಿಯಲ್ಲಿ. ಇವತ್ತಿಗೂ ಕೂದಲಿನ ನೆಪ ಹೇಳಿ ಬರೀ ತಲೆಯಲ್ಲಿ ಹೋಗೋರು ಇದ್ದಾರೆ. ಕೂದಲು ಹೋದ ತಲೆ ತಲೆಯೇ, ಒಡೆದ ತಲೆಗೆ ಏನು ಮಾಡ್ತೀರಿ?

ಹಾಗಾದ್ರೆ ಹುಡುಗರ ತಲೆ ಬೋಳಾಗೋದು ಯಾಕೆ? ಬಹುಪಾಲು ವಂಶದ ಕಾರಣಕ್ಕೆ, ಮತ್ತು ಗಂಡಸರ ಹಾರ್ಮೋನಿನ ಕಾರಣಕ್ಕೆ. 1942ರಲ್ಲಿ ಅಮೆರಿಕಾದ ಜೇಮ್ಸ್ ಹ್ಯಾಮಿಲ್ಟನ್ ಅನ್ನೋ ವಿಜ್ಞಾನಿ ವೃಷಣ ತೆಗೆಸಿಕೊಂಡಿದ್ದ ಗಂಡಸರನ್ನ ಪರೀಕ್ಷಿಸಿ ಒಂದು ಲೇಖನ ಬರೆದರು. ಪ್ರಾಯಕ್ಕೆ ಬರೋ ಮುಂಚೆ ವೃಷಣ ಕಳಕೊಂಡವರಿಗೆ ತಲೆ ಬೋಳಾಗಿರಲಿಲ್ಲ. ಅವರಿಗೆ ಟೆಸ್ಟೋಸ್ಟೆರಾನ್ ಕೊಟ್ಟಾಗ, ಮನೆತನದಲ್ಲಿ ಬೊಕ್ಕತಲೆ ಇದ್ದವರಿಗೆ ಕೂದಲು ಉದುರೋಕೆ ಶುರುವಾಯ್ತು. ಅಂದ್ರೆ ವಂಶ ಒಂದೇ ಸಾಲದು, ಹಾರ್ಮೋನ್ ಒಂದೇ ಸಾಲದು, ಎರಡೂ ಸೇರಬೇಕು.

ಮುಂದೆ ಇನ್ನಷ್ಟು ಗೊತ್ತಾಯ್ತು. ಟೆಸ್ಟೋಸ್ಟೆರಾನನ್ನ ನಮ್ಮ ದೇಹದ ಒಂದು ಕಿಣ್ವ ಡಿಎಚ್‌ಟಿ ಅನ್ನೋ ಇನ್ನೂ ಚುರುಕಾದ ಹಾರ್ಮೋನ್ ಆಗಿ ಬದಲಿಸುತ್ತೆ. ವಂಶದಲ್ಲಿ ಆ ಗುಣ ಇದ್ದವರ ಮುಂದಲೆ, ನೆತ್ತಿಯ ಕೂದಲಿನ ಬುಡಗಳು ಈ ಡಿಎಚ್‌ಟಿಗೆ ಕುಗ್ತಾ ಹೋಗ್ತವೆ. ಒಂದೊಂದು ಸುತ್ತಿನಲ್ಲೂ ಹುಟ್ಟೋ ಕೂದಲು ಹಿಂದಿನದಕ್ಕಿಂತ ತೆಳ್ಳಗೆ, ಗಿಡ್ಡಗೆ. ಕೊನೆಗೆ ಕಣ್ಣಿಗೆ ಕಾಣದ ನವಿರು. ಡೊಮಿನಿಕನ್ ರಿಪಬ್ಲಿಕ್ ದೇಶದಲ್ಲಿ ಈ ಕಿಣ್ವದ ಕೊರತೆಯಿಂದಲೇ ಹುಟ್ಟಿದ ಕೆಲವು ಕುಟುಂಬದವರ ಬಗ್ಗೆ 1974ರಲ್ಲಿ ಲೇಖನ ಪ್ರಕಟವಾಯ್ತು. ಅವರಿಗೆ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಿತ್ತು, ತಲೆ ಬೋಳಾಗ್ತಿರಲಿಲ್ಲ. ಅದೇ ಕಿಣ್ವವನ್ನ ತಡೆಯೋ ಫಿನಾಸ್ಟೆರೈಡ್ ಮಾತ್ರೆಗೆ ಅಮೆರಿಕಾದಲ್ಲಿ 1992ರಲ್ಲಿ ಪ್ರಾಸ್ಟೇಟಿಗೂ, 1997ರಲ್ಲಿ ಗಂಡಸರ ಬೋಳುತಲೆಗೂ ಒಪ್ಪಿಗೆ ಸಿಕ್ಕಿತು.

"ಅಮ್ಮನ ಕಡೆಯ ಮಾವಂದಿರ ತಲೆ ನೋಡು, ನಿನ್ನದೂ ಹಾಗೇ" ಅನ್ನೋ ಮಾತಿದೆ. ಪೂರ್ತಿ ಸುಳ್ಳಲ್ಲ. ಮುಖ್ಯವಾದ ಒಂದು ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ, ಅದು ಗಂಡುಮಕ್ಕಳಿಗೆ ತಾಯಿಯಿಂದಲೇ ಬರೋದು. ಆದರೆ ಉಳಿದ ಎಷ್ಟೋ ಜೀನ್‌ಗಳು ಅಪ್ಪನ ಕಡೆಯಿಂದಲೂ ಬರ್ತವೆ. ಹಾಗಾಗಿ ಎರಡೂ ಮನೆಯವರು ಜಗಳವಾಡದೆ ಸಮಪಾಲು ಹಂಚಿಕೊಳ್ಳೋದು ಒಳ್ಳೇದು. ಹಾಂ, ಜಿಮ್ಮಿಗೆ ಹೋಗಿ ಯಾರೋ ಕೊಟ್ಟ ಸ್ಟೆರಾಯ್ಡ್ ಚುಚ್ಚಿಸಿಕೊಳ್ಳೋ ಹುಡುಗರು ಈ ಕೆಲಸವನ್ನ ಇನ್ನೂ ಬೇಗ ಮಾಡಿಮುಗಿಸ್ತಾರೆ.

ಇನ್ನೊಂದು ಬಗೆ ಇದೆ. ಅದು ಒಮ್ಮೆಲೇ, ಕೈ ಹಾಕಿದ್ರೆ ಹಿಡಿ ಬರೋ ಹಾಗೆ ಉದುರೋದು. ಟೈಫಾಯಿಡ್, ಡೆಂಗಿ, ದೊಡ್ಡ ಆಪರೇಷನ್, ಹೆರಿಗೆ, ಹಠಾತ್ ಉಪವಾಸದ ಡಯಟ್, ತೀರಾ ಮಾನಸಿಕ ಆಘಾತ... ಇಂಥದ್ದೇನಾದ್ರೂ ಆದಾಗ ದೇಹ "ಈಗ ಕೂದಲು ಬೆಳೆಸೋ ಹೊತ್ತಲ್ಲ" ಅಂತ ತೀರ್ಮಾನಿಸಿ ಬಹಳಷ್ಟು ಕೂದಲನ್ನ ಒಟ್ಟಿಗೇ ವಿಶ್ರಾಂತಿಗೆ ಕಳಿಸುತ್ತೆ. ಅವು ಉದುರೋದು 2-3 ತಿಂಗಳಾದ ಮೇಲೆ. ಅಷ್ಟೊತ್ತಿಗೆ ಜ್ವರ ಬಂದಿದ್ದು ಮರೆತೇ ಹೋಗಿರುತ್ತೆ, ಸಿಕ್ಕಿಬೀಳೋದು ಹೋದ ವಾರ ತಂದ ಶಾಂಪೂ! 2020-21ರಲ್ಲಿ ಕೋವಿಡ್ ಬಂದು ಹೋದ ಎಷ್ಟೋ ಜನಕ್ಕೆ ಹೀಗೇ ಆಗಿತ್ತು. ಇದರಲ್ಲಿ ಬುಡ ಸಾಯೋದಿಲ್ಲ, ಕಾರಣ ಸರಿಹೋದ್ರೆ ಸಾಮಾನ್ಯವಾಗಿ 6 ತಿಂಗಳೊಳಗೆ ಉದುರೋದು ನಿಲ್ಲುತ್ತೆ.

ಆದರೆ ಕಾರಣ ಸರಿಹೋಗಬೇಕಲ್ಲ? ಇಲ್ಲೇ ನಾನು ಹೇಳಬೇಕು ಅಂದುಕೊಂಡ ಮುಖ್ಯ ವಿಷಯ ಇರೋದು.

ನಮ್ಮ ಚಿಕ್ಕಪ್ಪನ ಮಗಳು ಬೆಂಗಳೂರಿನ ಒಂದು ಪಿಜಿಯಲ್ಲಿದ್ದಳು. ಮೊಣಕಾಲಿನ ತನಕ ಇದ್ದ ಜಡೆ ಒಂದು ವರ್ಷದಲ್ಲಿ ಇಲಿಬಾಲ ಆಯ್ತು. ನೀರು ಅಂದ್ರು, ಟೆನ್ಷನ್ ಅಂದ್ರು, ಎಣ್ಣೆ ಹಚ್ಚಲ್ಲ ಅಂತ ಬೈದ್ರು. ಒಂದು ಹೇರ್ ಕ್ಲಿನಿಕ್ಕಿನವರು ತಲೆಗೆ ಕ್ಯಾಮೆರಾ ಹಿಡಿದು, ದೊಡ್ಡ ಪರದೆಯಲ್ಲಿ ತೋರಿಸಿ ಹೆದರಿಸಿ, ಕಂತಿನಲ್ಲಿ ಕಟ್ಟೋ ಹಾಗೆ 40 ಸಾವಿರದ ಪ್ಯಾಕೇಜ್ ಬರೆಸಿಕೊಂಡ್ರು. ಒಂದು ರಕ್ತಪರೀಕ್ಷೆ ಮಾಡಿಸಲಿಲ್ಲ. ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತಿತ್ತು, ಬಳಪ ತಿನ್ನೋ ಆಸೆ ಆಗ್ತಿತ್ತು, ಮುಟ್ಟಿನಲ್ಲಿ ಏಳೆಂಟು ದಿನ ಜಾಸ್ತಿ ರಕ್ತ ಹೋಗ್ತಿತ್ತು. ಇದ್ಯಾವುದನ್ನೂ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಕೊನೆಗೆ ಊರಿಗೆ ಬಂದಾಗ ನಮ್ಮ ಹಳೇ ಡಾಕ್ಟರು ಕೂದಲು ನೋಡೋಕೆ ಮುಂಚೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ರು. ಹಿಮೋಗ್ಲೋಬಿನ್ 7.6. ಹೆಂಗಸರಿಗೆ 12 ಇರಬೇಕು. ಕೂದಲು ಎಷ್ಟೋ ತಿಂಗಳಿಂದ ಅದನ್ನೇ ಹೇಳ್ತಿತ್ತು, ಎಲ್ಲರೂ ನೀರಿನ ಟ್ಯಾಂಕ್ ಕಡೆ ಕೈ ತೋರಿಸ್ತಿದ್ರು. ಕಬ್ಬಿಣದ ಮಾತ್ರೆ, ಮುಟ್ಟಿನ ತೊಂದರೆಗೆ ಚಿಕಿತ್ಸೆ ಎರಡೂ ನಡೆದವು. ಜಡೆ ಇನ್ನೂ ಮೊದಲಿನ ಹಾಗಾಗಿಲ್ಲ. ಆದರೆ ಮೆಟ್ಟಿಲು ಓಡಿ ಹತ್ತುತ್ತಾಳೆ, ನನಗೆ ಅಷ್ಟು ಸಾಕು.

ಇದು ಅವಳೊಬ್ಬಳ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ ಇದೆ. ಕೆಲವರಿಗೆ ಹಿಮೋಗ್ಲೋಬಿನ್ ಸರಿಯಿದ್ರೂ ಕಬ್ಬಿಣದ ದಾಸ್ತಾನು ಖಾಲಿಯಾಗಿರುತ್ತೆ, ಅದು ಗೊತ್ತಾಗೋದು ಫೆರಿಟಿನ್ ಪರೀಕ್ಷೆಯಲ್ಲಿ. ಥೈರಾಯ್ಡ್ ಹೆಚ್ಚುಕಡಿಮೆ ಆದ್ರೂ ಕೂದಲು ಉದುರುತ್ತೆ. ನೆತ್ತಿಯ ಬೈತಲೆ ಅಗಲ ಆಗ್ತಾ, ಮುಟ್ಟು ತಪ್ಪುತ್ತಾ, ಗಲ್ಲದ ಮೇಲೆ ಕೂದಲು ಬರ್ತಾ ಇದ್ರೆ ಪಿಸಿಓಎಸ್ ಇರಬಹುದು. ಅಂದಹಾಗೆ, ಊಟ ಆದ ತಕ್ಷಣ ಕಾಫಿ ಟೀ ಕುಡಿಯೋರು ಸ್ವಲ್ಪ ತಡೀರಿ, ಅದು ಊಟದಲ್ಲಿರೋ ಕಬ್ಬಿಣಾಂಶ ಮೈಗೆ ಹತ್ತೋದನ್ನ ಕಡಿಮೆ ಮಾಡುತ್ತೆ.

ಇನ್ನು ನಾಣ್ಯದಷ್ಟಗಲ ನುಣ್ಣಗೆ ಕೂದಲು ಹೋಗೋದುಂಟು. ಹಳ್ಳಿಯಲ್ಲಿ "ಹುಳ ತಿಂದಿದೆ" ಅಂತಾರೆ. ಹುಳವೂ ಇಲ್ಲ, ಏನೂ ಇಲ್ಲ. ನಮ್ಮದೇ ರೋಗನಿರೋಧಕ ಶಕ್ತಿ ದಾರಿತಪ್ಪಿ ಕೂದಲ ಬುಡದ ಮೇಲೆ ದಾಳಿ ಮಾಡೋದು ಅದು. ಅಂಟುರೋಗ ಅಲ್ಲ, ಶಾಲೆಯಲ್ಲಿ ಆ ಮಗುವನ್ನ ಬೇರೆ ಕೂರಿಸೋದು ಬೇಡ. ಬಹಳಷ್ಟು ಸಲ ತಾನೇ ವಾಪಸ್ ಬರುತ್ತೆ. ತೀವ್ರವಾಗಿದ್ದವರಿಗೆ 2022ರಲ್ಲಿ ಬ್ಯಾರಿಸಿಟಿನಿಬ್ ಅನ್ನೋ ಮಾತ್ರೆಗೆ ಅಮೆರಿಕಾದಲ್ಲಿ ಒಪ್ಪಿಗೆ ಸಿಕ್ಕಿದೆ. ಎಳೆದು ಬಿಗಿಯಾಗಿ ಜಡೆ, ಜುಟ್ಟು ಕಟ್ಟೋದ್ರಿಂದಲೂ ಹಣೆಯಂಚಿನ ಕೂದಲು ಹೋಗುತ್ತೆ. ವರ್ಷಗಟ್ಟಲೆ ಹಾಗೇ ಮಾಡಿದ್ರೆ ವಾಪಸ್ ಬರೋದಿಲ್ಲ.

ಅಪರೂಪಕ್ಕೆ ಊರಿಗೆ ಊರೇ ಬೋಳಾಗೋದೂ ಇದೆ. 2024ರ ಡಿಸೆಂಬರ್ ಕೊನೆ, 2025ರ ಜನವರಿಯಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳು, ಕಾಲೇಜಿನ ಹುಡುಗ ಹುಡುಗಿಯರು ಸೇರಿ ಎಷ್ಟೋ ಜನರ ಕೂದಲು ಕೆಲವೇ ದಿನದಲ್ಲಿ ಉದುರಿಹೋಯ್ತು. ಅಲ್ಲೂ ಮೊದಲು ಬೈಸಿಕೊಂಡಿದ್ದು ನೀರೇ. ಚೇಳಿನ ವಿಷದ ಚಿಕಿತ್ಸೆಗೆ ಹೆಸರಾದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ರೋಗಿಗಳ ರಕ್ತ, ಕೂದಲು ಪರೀಕ್ಷೆ ಮಾಡಿಸಿ ಸೆಲೆನಿಯಂ ವಿಪರೀತ ಜಾಸ್ತಿ ಇದೆ, ಪಡಿತರದ ಗೋಧಿಯಿಂದ ಬಂದಿರಬೇಕು ಅಂದರು. ಸೆಲೆನಿಯಂ ದೇಹಕ್ಕೆ ಬೇಕು, ಆದರೆ ಚೂರೇ ಚೂರು. ಇದನ್ನ ಯಾಕೆ ಹೇಳಿದೆ ಅಂದ್ರೆ, "ಕೂದಲಿಗೆ ಒಳ್ಳೇದು" ಅಂತ ಮಾರೋ ಎಷ್ಟೋ ಮಾತ್ರೆಗಳಲ್ಲಿ ಸೆಲೆನಿಯಂ, ವಿಟಮಿನ್ ಎ ಇರ್ತವೆ. ಎರಡೂ ಅತಿಯಾದ್ರೆ ಉದುರಿಸೋದೂ ಕೂದಲನ್ನೇ. ಬಯೋಟಿನ್ ಜಾಸ್ತಿ ತಗೊಂಡ್ರೆ ಥೈರಾಯ್ಡ್, ಹೃದಯದ ರಕ್ತಪರೀಕ್ಷೆಗಳ ಫಲಿತಾಂಶವೇ ತಪ್ಪು ಬರಬಹುದು.

ಹಾಗಂತ ಎಣ್ಣೆ, ಗೊಂಪು, ಸೀಗೆಕಾಯಿ ಎಲ್ಲಾ ಬಿಸಾಡಿ ಅಂತ ನಾನು ಹೇಳ್ತಿಲ್ಲ. ತೆಂಗಿನೆಣ್ಣೆ ಕೂದಲಿನ ಪ್ರೋಟೀನ್ ಸವೆಯೋದನ್ನ ಕಡಿಮೆ ಮಾಡುತ್ತೆ ಅಂತ ನಮ್ಮ ದೇಶದವರೇ 2003ರಲ್ಲಿ ತೋರಿಸಿಕೊಟ್ಟಿದ್ದಾರೆ. ಇರೋ ಕೂದಲು ಮುರಿಯದ ಹಾಗೆ ನೋಡಿಕೊಳ್ಳುತ್ತೆ, ಸರಿ. ಹೊಸದನ್ನ ಹುಟ್ಟಿಸೋದಿಲ್ಲ. ತಿರುಪತಿಗೆ ಹೋಗಿ ಮುಡಿ ಕೊಟ್ರೆ ಪುಣ್ಯ ಬರಬಹುದು, ಕೂದಲು ದಪ್ಪ ಆಗೋದಿಲ್ಲ. ವಂಶದ ಬೋಳಿಗೆ ಕೆಲಸ ಮಾಡುತ್ತೆ ಅಂತ ಗಟ್ಟಿಯಾಗಿ ಸಾಬೀತಾದ ಔಷಧಿಗಳಲ್ಲಿ ಮುಖ್ಯವಾದವು ಎರಡು. ಒಂದು ಮೇಲೆ ಹೇಳಿದ ಫಿನಾಸ್ಟೆರೈಡ್, ಇನ್ನೊಂದು ತಲೆಗೆ ಹಚ್ಚೋ ಮಿನಾಕ್ಸಿಡಿಲ್. ಮಿನಾಕ್ಸಿಡಿಲ್ ಮೂಲತಃ ಬಿಪಿ ಮಾತ್ರೆ, ತಗೊಂಡವರಿಗೆ ಮೈಮೇಲೆಲ್ಲಾ ಕೂದಲು ಬಂದಿದ್ದು ನೋಡಿ ಹೀಗೆ ಬಳಕೆಗೆ ತಂದ್ರು. ಎರಡೂ ಬೇಗ ಶುರುಮಾಡಿದಷ್ಟೂ ಒಳ್ಳೇದು, ನಿಲ್ಲಿಸಿದ್ರೆ ಉಳಿಸಿಕೊಂಡಿದ್ದೂ ಹೋಗುತ್ತೆ. ಫಿನಾಸ್ಟೆರೈಡಿನಿಂದ ಕೆಲವರಿಗೆ ಲೈಂಗಿಕ ತೊಂದರೆ ಆಗುತ್ತೆ, ಗರ್ಭಿಣಿಯರಂತೂ ಅದನ್ನ ತಗೊಳ್ಳಲೇಬಾರದು. ಹಾಗಾಗಿ ಗೆಳೆಯನ ಚೀಟಿ ತೋರಿಸಿ ಅಂಗಡಿಯಿಂದ ತರೋದು ಬೇಡ, ಚರ್ಮದ ಡಾಕ್ಟರ ಹತ್ರ ಹೋಗಿ.

ಏನೂ ಮಾಡದೇ ಇರೋದೂ ಒಂದು ಮರ್ಯಾದಸ್ಥ ದಾರಿಯೇ. 2017ರಲ್ಲಿ ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' ಬಂದಾಗ ಬೋಳುತಲೆಯ ಕನ್ನಡ ಮೇಷ್ಟ್ರು ಹೆಣ್ಣು ಹುಡುಕೋ ಪಾಡು ನೋಡಿ ಥಿಯೇಟರಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ 23ರ ಹುಡುಗನೊಬ್ಬ ಫೋಟೋಗೆ ನಿಲ್ಲೋಕೆ ಹೆದರಿ ಅಕ್ಕನ ಮದುವೆಯಲ್ಲೇ ಮೂಲೆ ಸೇರೋದು ನಗೋ ವಿಷಯ ಅಲ್ಲ. ಮನೆಗೆ ಬಂದ ನೆಂಟರು "ಏನೋ, ತಲೆ ಖಾಲಿಯಾಯ್ತಲ್ಲೋ" ಅಂತ ಮಾತು ಶುರುಮಾಡೋದನ್ನ ಬಿಟ್ರೆ ಎಷ್ಟೋ ಉಪಕಾರ.

ನಿಮ್ಮ ಮನೆಯಲ್ಲಿ ಯಾರಾದ್ರೂ ಹುಡುಗಿ ಕೂದಲು ಉದುರತ್ತೆ ಅಂದ್ರೆ, ಎಣ್ಣೆ ಬಾಟಲಿಗೆ ಕೈ ಹಾಕೋ ಮುಂಚೆ "ಸುಸ್ತಾಗತ್ತಾ? ಮುಟ್ಟು ಸರಿಯಾಗಿ ಆಗ್ತಿದೆಯಾ? ಮೂರು ತಿಂಗಳ ಹಿಂದೆ ಜ್ವರ ಬಂದಿತ್ತಾ?" ಅಂತ ಕೇಳಿ. ಒಂದು ಹಿಮೋಗ್ಲೋಬಿನ್, ಒಂದು ಫೆರಿಟಿನ್, ಒಂದು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಆ 40 ಸಾವಿರದ ಪ್ಯಾಕೇಜಿನ ಒಂದು ಕಂತಿಗಿಂತ ಕಡಿಮೆಗೆ ಮುಗಿಯುತ್ತೆ. ಹುಡುಗ ಆದ್ರೆ, ಮೊದಲು ಹೆಲ್ಮೆಟ್ ಎಲ್ಲಿದೆ ಅಂತ ನೋಡಿ.